ರೋಗಿವಿಮಾನದ ಹಿಡಿಕೆ

ಹೊಸಗಿರಣಿ, ಘಟಪ್ರಭೆಯ ಎಡದಂಡೆ
ಫೆಬ್ರುವರಿ ೩೦, ೨೨೧೪

ವಿಮಾನಗಳ ನೂಕುಬಲ ನಿಯಂತ್ರಣ ವ್ಯವಸ್ಥೆಗಳ ಮಾರುಕಟ್ಟೆ ಬೆಳವಣಿಗೆಯನ್ನು ಕುರಿತು ವರದಿ ಬರೆಯುತ್ತಿರುವ ಮಹನೀಯರಿಗೆ, ನಿವೃತ್ತ ಕನ್ನಡ ಅಧ್ಯಾಪಕನಾದ ಗುರುಪಾದ ಕಡಬಿಯ ನಮಸ್ಕಾರಗಳು.

ಮೇಲಿನ ತಾರೀಖನ್ನು ಕಂಡು ಇದು ಬರೆದವನ ಅಜಾಗರೂಕತೆಯೆಂದು ತಾವು ಭಾವಿಸಬಾರದು. ತಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತನೆಯ ದಿನವಿರಲಿಲ್ಲವೆಂಬುದನ್ನು ಬಲ್ಲೆ. ಒಂದು ತ್ರೈಮಾಸಿಕದ ಬೆಳವಣಿಗೆಯನ್ನು ಇನ್ನೊಂದರೊಡನೆ ಹೋಲಿಸುವಾಗ ದಿನಗಳ ಹೆಚ್ಚುಕಡಿಮೆ ಅಡ್ಡಬರುತ್ತದೆಂದು ನಮ್ಮವರು ತಿಂಗಳುಗಳನ್ನೆಲ್ಲ ಸಮಮಾಡಿದರು. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ತಳ್ಳಿ ‘ಲೆಕ್ಕದಾಚೆಯ ದಿನಗಳು’ ಎಂದು ಹೆಸರಿಟ್ಟರು. ಆ ದಿನಗಳಲ್ಲಿ ಹುಟ್ಟಿದ ಮಕ್ಕಳಿಗೆ ಹುಟ್ಟುಹಬ್ಬವುಂಟು, ತಾರೀಖಿಲ್ಲ. ಇಂತಹ ವಿಚಿತ್ರಗಳು ಈ ಪತ್ರದಲ್ಲಿ ಇನ್ನೂ ಬರುತ್ತವೆ. ತಮಗೆ ಅಪರಿಚಿತವಾದ ಪದ ಬಂದಲ್ಲಿ ಅರ್ಥವನ್ನು ಹೇಳಿಕೊಂಡೇ ಮುಂದುವರಿಯುತ್ತೇನೆ. ಆದರೂ ಎಲ್ಲಾದರೂ ತೊಡಕಾದರೆ ಕ್ಷಮಿಸಬೇಕು.

ಇಂತಹ ಪತ್ರಕ್ಕೆ ನಮ್ಮಲ್ಲಿ ಹಿಂದೋಲೆ ಎಂಬ ಹೆಸರಿದೆ. ಕಳೆದುಹೋದ ಕಾಲಕ್ಕೆ ಬರೆಯುವ ಓಲೆ. ಸೇವೆಯಿಂದ ನಿವೃತ್ತರಾಗುವವರಿಗೆ ಒಂದು ಶಾಲು, ಒಂದು ಹಾರ, ಒಂದು ಹಿಂದೋಲೆಯ ಹಕ್ಕು ಕೊಡುವುದು ಪದ್ಧತಿ. ಅದು ತಲುಪುತ್ತದೆಂದು ಅಂಚೆಯವರು ಹೇಳುತ್ತಾರೆ. ಉತ್ತರ ಬಂದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಬಹುಮಂದಿ ತಮ್ಮ ಮುತ್ತಜ್ಜನಿಗೆ ಬರೆದು, ಆ ಹೊಲವನ್ನು ಕೈಬಿಡಬೇಡ, ಈ ಮನೆತನದ ಸಂಬಂಧ ಬೇಡ ಎಂದು ಬುದ್ಧಿ ಹೇಳುತ್ತಾರೆ. ನಾನು ನನ್ನ ಹಕ್ಕನ್ನು ಬಳಸದೆ ಇಟ್ಟುಕೊಂಡಿದ್ದೆ. ಈಗ ತಮಗೆ ಬರೆಯುತ್ತಿದ್ದೇನೆ. ತಮ್ಮ ಹೆಸರು ನನಗೆ ತಿಳಿಯದು. ಅಂತಹ ವರದಿಗಳಿಗೆ ಬರೆದವರ ಹೆಸರು ಹಾಕುವ ರೂಢಿ ಆಗಲೂ ಇರಲಿಲ್ಲವೆಂದು ಕಾಣುತ್ತದೆ. ಆದರೆ ತಮ್ಮ ವರದಿಯು ನಮ್ಮ ಶಾಲೆಗಳ ಗದ್ಯಭಾಗದಲ್ಲಿದೆ. ಅದರ ಒಂದು ವಾಕ್ಯವನ್ನು ಮಕ್ಕಳು ಬೆಳಗಿನ ಪ್ರಾರ್ಥನೆಯ ಬೆನ್ನಿಗೇ ಹೇಳುತ್ತಾರೆ: “ಚಾಲಕನ ಕೈಯೇ ಈ ಮಾರುಕಟ್ಟೆಯ ವಿಸ್ತರಣೆಗೆ ಉಳಿದಿರುವ ಮುಖ್ಯ ಅಡ್ಡಿ.” ಆ ವಾಕ್ಯವನ್ನು ಕುರಿತೇ ಈ ಪತ್ರ.

ವಿಮಾನವನ್ನು ಮುಂದಕ್ಕೆ ತಳ್ಳುವ ಎಂಜಿನ್ನಿನ ಶಕ್ತಿಯೇ ನೂಕುಬಲವೆಂದು ತಮಗೆ ನಾನು ಹೇಳಬೇಕಾಗಿಲ್ಲ. ತಮ್ಮ ಕಾಲದಲ್ಲಿ ಚಾಲಕನು ಒಂದು ಹಿಡಿಕೆಯನ್ನು ಮುಂದೆ ಸರಿಸಿ ಅದನ್ನು ಹೆಚ್ಚಿಸುತ್ತಿದ್ದನು, ಹಿಂದೆ ಸರಿಸಿ ತಗ್ಗಿಸುತ್ತಿದ್ದನು. ಅವನಿಗೆ ನೆರವಾಗಲು ಯಂತ್ರಗಳಿದ್ದವು. ನಮ್ಮ ಕಾಲದಲ್ಲಿ ಯಂತ್ರವೇ ಎಲ್ಲವನ್ನೂ ಮಾಡುತ್ತದೆ. ಅದಕ್ಕೆ ಬರಹದಲ್ಲಿ ನೂಕುನಿಯಾಮಕವೆಂದೂ ಮಾತಿನಲ್ಲಿ ನಿಯಾಮಕವೆಂದೂ ಸಿಟ್ಟು ಬಂದಾಗ ಡಬ್ಬಿಯೆಂದೂ ಹೆಸರು. ಜಗತ್ತಿನ ವಿಮಾನಗಳಿಗೆಲ್ಲ ನಿಯಾಮಕವನ್ನು ಕೂರಿಸಿದ ಮೇಲೆ ಅದರ ಮಾರಾಟವು ನಿಲ್ಲಬೇಕಾಗಿತ್ತು. ಆದರೆ ತಮ್ಮ ವರದಿಯ ಬೆಳವಣಿಗೆಯ ರೇಖೆ ಮೇಲೇರುತ್ತಲೇ ಇತ್ತು. ಕಾಗದದ ಅಂಚು ಮುಗಿದಲ್ಲಿ ಮಾತ್ರ ನಿಂತಿತ್ತು. ಆದ್ದರಿಂದ ನಿಯಾಮಕಗಳನ್ನು ಮಾರುವುದಕ್ಕಾಗಿ ವಿಮಾನಗಳನ್ನು ಕಟ್ಟಲಾಯಿತು. ಹಾಲಿನ ವಿಮಾನ, ಮೇವಿನ ವಿಮಾನ, ಶಾಲೆಯ ವಿಮಾನ, ಕೊನೆಗೆ ಹೆಣ ಒಯ್ಯುವ ವಿಮಾನವೂ ಬಂತು. ರಸ್ತೆಯ ದುರಸ್ತಿ ನಿಂತಿತು. ಗೋಕಾಕದ ದಾರಿ ಈಗ ಜಾಲಿಯ ಕಾಡು. ರೈಲಿನ ಹಳಿಗಳನ್ನು ಕಿತ್ತು ವಿಮಾನಗೂಡುಗಳಿಗೆ ತೊಲೆ ಮಾಡಿದರು. ಪಕ್ಕದ ಊರಿನ ಮದುವೆಗೆ ಹೋಗಬೇಕಾದರೂ ನಾವು ಹಾರಿಯೇ ಹೋಗಬೇಕು; ಹಾರಲಾರದವರು ಅಕ್ಷತೆಯನ್ನು ಮನೆಯಲ್ಲಿಯೇ ಚೆಲ್ಲಿಕೊಳ್ಳುತ್ತಾರೆ.

ಹೀಗೆ ಆಕಾಶ ತುಂಬಿಹೋಯಿತು. ಯಾವ ವಿಮಾನಕ್ಕೆ ಯಾವಾಗ ಎಷ್ಟು ನೂಕುಬಲವೆಂಬುದನ್ನು ಈಗ ಸರದಿ ಮಂಡಳಿಯೊಂದು ನಿಯಾಮಕಗಳ ಮೂಲಕ ನಿರ್ಧರಿಸುತ್ತದೆ. ಸರದಿಯನ್ನು ಮುಂಗಡ ಕೊಂಡವರು ಮೊದಲು ಏರುತ್ತಾರೆ, ಮೊದಲು ಇಳಿಯುತ್ತಾರೆ. ಉಳಿದವರಿಗೆ ಕೆಳಗೆ ಬೀಳದಷ್ಟು ಬಲ ಮಾತ್ರ ದೊರೆಯುತ್ತದೆ; ಅವರು ಸುತ್ತುತ್ತಿರುತ್ತಾರೆ. ಸಂಜೆ ಅಂಗಳದಲ್ಲಿ ಕುಳಿತರೆ ಅವರ ದೀಪಗಳು ಗಾಣದ ಎತ್ತಿನಂತೆ ಒಂದೇ ಜಾಡಿನಲ್ಲಿ ಸುತ್ತುವುದು ಕಾಣುತ್ತದೆ. ನಮ್ಮ ಓಣಿಯ ಮಕ್ಕಳು ಇದನ್ನೇ ಆಟ ಮಾಡಿಕೊಂಡಿದ್ದಾರೆ. ಒಂದು ಮಗು ಸುತ್ತುತ್ತದೆ; ಇನ್ನೊಂದು ಮಗು ‘ಸರದಿ’ ಎಂದು ಕೂಗುವವರೆಗೆ ನಿಲ್ಲುವಂತಿಲ್ಲ. ಕೂಗುವ ಮಗು ಎಷ್ಟೋ ಸಲ ಆಟ ಮರೆತು ಮನೆಗೆ ಹೋಗಿಬಿಟ್ಟಿರುತ್ತದೆ.

ಹೊಸಗಿರಣಿಯು ನಿಯಾಮಕಗಳನ್ನು ತಯಾರಿಸುವ ಊರು. ಮನೆಗೊಬ್ಬರಾದರೂ ಕಾರ್ಖಾನೆಯಲ್ಲಿದ್ದಾರೆ. ಇಲ್ಲಿಯದೇ ಆದ ಒಂದು ಶಾಸ್ತ್ರವುಂಟು, ಅದಕ್ಕೆ ಕೈಬಿಡಿಕೆ ಎನ್ನುತ್ತಾರೆ. ವಿಮಾನಕ್ಕೆ ನಿಯಾಮಕವನ್ನು ಕೂರಿಸುವ ದಿನ, ಚಾಲಕನ ಬಲಗೈಗೆ ಅರಿಸಿನ ಹಚ್ಚಿ ಹಿಡಿಕೆಯ ಮೇಲೆ ಇರಿಸುತ್ತಾರೆ. ಐದು ಮಂದಿ ಮುತ್ತೈದೆಯರು ಆರತಿ ಬೆಳಗುತ್ತಾರೆ. ಅವನು ಕೈಯನ್ನು ಎತ್ತುತ್ತಾನೆ. ಅರಿಸಿನದ ಗುರುತು ಒಣಗುವ ಮೊದಲೇ ಹಿಡಿಕೆಯನ್ನು ಗರಗಸದಿಂದ ಕೊಯ್ದು ಮೋಟಿಗೆ ಹಿತ್ತಾಳೆಯ ಮುಚ್ಚಳ ಬಡಿಯುತ್ತಾರೆ. ಕೊಯ್ದ ಹಿಡಿಕೆಯನ್ನು ಚಾಲಕನ ಮನೆಯವರು ದೇವರ ಜಗಲಿಯ ಮೇಲಿಟ್ಟುಕೊಳ್ಳುತ್ತಾರೆ. ಅಂದಿನಿಂದ ಅವನು ಚಾಲಕನಲ್ಲ, ‘ಆಸನಸ್ಥ’. ವಿಮಾನಕ್ಕೆ ಏನಾದರೂ ಆದರೆ ಉತ್ತರ ಕೊಡಲು ಒಬ್ಬ ಮನುಷ್ಯ ಬೇಕೆಂದು ಕಾನೂನು ಹೇಳುವುದರಿಂದ ಅವನನ್ನು ಅಲ್ಲಿ ಕೂರಿಸುತ್ತಾರೆ.

ರೋಗಿವಿಮಾನಗಳಿಗೆ, ಎಂದರೆ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ಚಿಕ್ಕ ವಿಮಾನಗಳಿಗೆ, ಈಚಿನವರೆಗೆ ಈ ನಿಯಮದಿಂದ ವಿನಾಯಿತಿ ಇತ್ತು. ನಮ್ಮ ಊರಿನ ರೋಗಿವಿಮಾನವನ್ನು ನನ್ನ ಮಗಳು ನೀಲಾಂಬಿಕೆ ನಡೆಸುತ್ತಿದ್ದಳು. ಅವಳಿಗೆ ಹಿಡಿಕೆಯ ನಡುಕದಲ್ಲಿಯೇ ಎಂಜಿನ್ನಿನ ಸ್ಥಿತಿ ತಿಳಿಯುತ್ತಿತ್ತು. ಮನೆಯಲ್ಲಿಯೂ ಹಾಗೆಯೇ, ಹಿಟ್ಟು ನಾದುವಾಗ ಬೆರಳಿಟ್ಟು, ಇನ್ನೊಂದು ಚಮಚ ನೀರು ಬೇಕು ಎನ್ನುವಳು. ಅವಳ ಕೈಯ ಮೇಲೆ ನನಗಿದ್ದ ಭರವಸೆ ಮಂಡಳಿಯ ಮೇಲೆ ಎಂದೂ ಇರಲಿಲ್ಲ.

ಬನ್ನಿಹಬ್ಬದ ಮರುದಿನ ಕಾರ್ಖಾನೆಯ ಬಯಲಿನಲ್ಲಿ ಊರಿನ ಸಭೆ ಕರೆದರು. ಕಂಪನಿಯ ವಿಸ್ತರಣಾಧಿಕಾರಿ ಪ್ರಫುಲ್ಲ ಇನಾಮದಾರರು ಬಂದಿದ್ದರು. ಸಭ್ಯ ಮನುಷ್ಯ, ಎದುರಿಗೆ ಬಂದವರಿಗೆಲ್ಲ ತಾವೇ ಮೊದಲು ಕೈಮುಗಿಯುತ್ತಿದ್ದರು. ಜಗತ್ತಿನಲ್ಲಿ ಇನ್ನು ನಿಯಾಮಕ ಕೂರಿಸದೆ ಉಳಿದಿರುವುದು ರೋಗಿವಿಮಾನಗಳಿಗೆ ಮಾತ್ರ ಎಂದರು. ನಿಯಾಮಕ ತಯಾರಿಸುವ ಊರೇ ತನ್ನ ವಿಮಾನಕ್ಕೆ ಅದನ್ನು ಹಾಕಿಸಿಕೊಳ್ಳದಿದ್ದರೆ ಬೇರೆಯವರು ಏಕೆ ಕೊಂಡಾರು ಎಂದು ಕೇಳಿದರು. ಕಾರ್ಖಾನೆ ಬೇರೆ ಊರಿಗೆ ಹೋಗಬಹುದೆಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮೊದಲು ಬಾಯಿ ಬಿಟ್ಟವಳು ಸೂಲಗಿತ್ತಿ ಬಾಳವ್ವ. “ನಮ್ಮನಿ ಜಗಲಿ ಮ್ಯಾಲ ಆಗ್ಲೇ ಮೂರ ಹಿಡಿಕಿ ಕುಂತಾವ್ರಿ ಸಾಹೇಬ್ರ. ದೇವ್ರಿಗೇ ಜಾಗಾ ಇಲ್ಲ. ಇನ್ನೊಂದ ಕೊಟ್ರ ಎಲ್ಲಮ್ಮನ್ನ ಎತ್ತಿ ಅಡಗಿಮನ್ಯಾಗ ಇಡಬೇಕಾಕ್ಕೈತಿ!” ಎಂದಳು. ಜನ ನಕ್ಕರು. ಇನಾಮದಾರರೂ ನಕ್ಕರು.

ನೀಲಾಂಬಿಕೆ ನಗಲಿಲ್ಲ. “ಸರದಿ ಇಲ್ಲದ ಹೊತ್ತಿನಾಗ ರೋಗಿ ಸಾಯಾಕ್ಹತ್ತಿದ್ರ ಡಬ್ಬಿ ಏನ್ ಮಾಡ್ತೈತ್ರೀ?” ಎಂದು ಕೇಳಿದಳು.

“ರೋಗಿಗೆ ಆದ್ಯತೆ ಇದ್ದೇ ಇರ್ತದ, ತಂಗಿ.”

“ರೋಗಿ ಸಾಯಾಕ್ಹತ್ಯಾನ ಅಂತ ಅದಕ್ಕ ಹೇಳಾವ್ರು ಯಾರು?”

“ನೀವ ಮಂಡಳಿಗೆ ಅರ್ಜಿ ಕಳಿಸ್ಬೇಕು. ಅವರು ನೋಡಿ ತೀರ್ಮಾನ ಮಾಡ್ತಾರ.”

“ಹಂಗಾರ ಸಾಯಾವ್ರಿಗೆ ಸ್ವಲ್ಪ ತಡೀರಿ ಅಂತ ಹೇಳ್ತೀನಿ,” ಎಂದಳು ನೀಲಾಂಬಿಕೆ. ಈ ಸಲ ಯಾರೂ ನಗಲಿಲ್ಲ. ಆದರೆ ಒಪ್ಪಿಗೆಗೆ ಕೈ ಎತ್ತುವಾಗ ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಎತ್ತಿದರು. ಲೇತಿನ ಕೆಲಸಗಾರ ಅಡಿವೆಪ್ಪನೂ ಎತ್ತಿದನು. ಕೈಬಿಡಿಕೆಯ ದಿನ ಹಿಡಿಕೆಯನ್ನು ಕೊಯ್ಯುವ ಕೆಲಸ ಅವನ ಪಾಲಿಗೆ ಬಂತು. ಮುತ್ತೈದೆಯರಲ್ಲಿ ಅವನ ಹೆಂಡತಿ, ತುಂಬು ಬಸುರಿ ಶಾರವ್ವನೂ ಒಬ್ಬಳು. ಬಸುರಿ ಆರತಿ ಹಿಡಿದರೆ ಶುಭವೆಂದು ಅವಳನ್ನು ಮುಂದೆ ನಿಲ್ಲಿಸಿದ್ದರು.

ಡಿಸೆಂಬರಿನ ಮೂವತ್ತು, ತ್ರೈಮಾಸಿಕದ ಕೊನೆಯ ದಿನ. ಅಂದು ಕಂಪನಿಗಳೆಲ್ಲ ತಮ್ಮ ಸರಕನ್ನು ಲೆಕ್ಕಕ್ಕೆ ಹಿಡಿಸಲು ಓಡಾಡಿಸುವುದರಿಂದ ಸರದಿ ಸಿಗುವುದು ಬಹಳ ಕಷ್ಟ. ಅಂದು ಮಧ್ಯಾಹ್ನವೇ ಶಾರವ್ವನಿಗೆ ರಕ್ತಸ್ರಾವವಾಯಿತು. ನೀಲಾಂಬಿಕೆ ಅವಳನ್ನೂ ಬಾಳವ್ವನನ್ನೂ ಕೂರಿಸಿಕೊಂಡು ಬೆಳಗಾವಿಯ ಕಡೆಗೆ ಹೊರಟಳು. ಮುಂದಿನದನ್ನು ನನಗೆ ಹೇಳಿದವಳು ಬಾಳವ್ವ.

“ಆಸ್ಪತ್ರಿ ಗಚ್ಚು ಕಣ್ಣಿಗಿ ಕಾಣ್ತೈತ್ರೀ ಮಾಸ್ತರ್ರ, ಇಳ್ಯಾಕ ಮಾತ್ರ ಬಿಡವಲ್ದು. ಸುತ್ತು, ಮತ್ತ ಸುತ್ತು. ಈಕಿ ಅರ್ಜಿ ಮ್ಯಾಲ ಅರ್ಜಿ ಕಳಿಸ್ತಾಳ. ಡಬ್ಬಿ ಏನಂತೈತಿ ಗೊತ್ತೈತೇನ್ರಿ? ‘ತಮ್ಮ ತಾಳ್ಮೆಗೆ ಧನ್ಯವಾದಗಳು’ ಅಂತೈತಿ! ಅತ್ತಾಗ ಶಾರವ್ವನ ತುಟಿ ಬೆಳ್ಳಗಾದ್ವು. ನಾ ಅಂದೆ, ನೀಲವ್ವಾ, ಇನ್ನ ಈಕಿ ಕೈಗೆ ಹತ್ತಂಗಿಲ್ಲ ತಂಗಿ. ಆಕಿ ತಿರುಗಿ ನೋಡಿದ್ಲು. ‘ಬಾಳವ್ವಾ, ನಿನ್ನ ಕತ್ರಿ ಕೊಡು’ ಅಂದ್ಲು.”

ಹೊಕ್ಕಳುಬಳ್ಳಿ ಕತ್ತರಿಸುವ ಆ ಕತ್ತರಿಯ ತುದಿಯಿಂದ ನೀಲಾಂಬಿಕೆ ಹಿತ್ತಾಳೆಯ ಮುಚ್ಚಳವನ್ನು ಕಿತ್ತಳು. ಒಳಗೆ, ಎಂಜಿನ್ನಿಗೆ ಹೋಗುವ ತಂತಿ ಇನ್ನೂ ಇತ್ತು. ಅದನ್ನು ಬೆರಳುಗಳಿಗೆ ಸುತ್ತಿಕೊಂಡು ತಾನೇ ಬಲವನ್ನು ಹೆಚ್ಚಿಸಿ ತಗ್ಗಿಸಿ, ದೊಡ್ಡ ವಿಮಾನಗಳೆರಡರ ನಡುವಿನ ತೆರಪಿನಲ್ಲಿ ವಿಮಾನ ಇಳಿಯಲೆಂದು ಕಟ್ಟಿದ ಆಸ್ಪತ್ರೆಯ ಗಚ್ಚಿನ ಮೇಲೆ ಇಳಿಸಿದಳು. ತಾಯಿ ಉಳಿದಳು. ಹೆಣ್ಣು ಮಗು ಹುಟ್ಟಿತು. ಯಾವ ವಿಮಾನಕ್ಕೂ ಧಕ್ಕೆಯಾಗಲಿಲ್ಲ. ಮರುದಿನ ನೀಲಾಂಬಿಕೆಯ ಮೇಲೆ ನೂಕುಗಳವಿನ ಆರೋಪ ಬಂತು. ತನ್ನದೇ ಎಂಜಿನ್ನಿನ ಬಲವನ್ನು ತಾನು ಬಳಸಿದ್ದಕ್ಕೆ ಕಳವು ಎನ್ನುವುದು ಸರಿಯಾದ ಪ್ರಯೋಗವಲ್ಲವೆಂದು ನಾನು ಮಂಡಳಿಗೆ ಬರೆದೆ. ಧನ್ಯವಾದಗಳೆಂದು ಉತ್ತರ ಬಂತು.

ಈ ಅಪರಾಧಕ್ಕಿರುವ ಶಿಕ್ಷೆಯ ಹೆಸರು ಹಸ್ತಶಮನ. ಎರಡೂ ಅಂಗೈಗಳ ಸ್ಪರ್ಶವನ್ನು ನರಗಳಲ್ಲಿಯೇ ಆರಿಸಿಬಿಡುತ್ತಾರೆ. ಕೈಗಳು ಆಡುತ್ತವೆ, ಹಿಡಿಯುತ್ತವೆ, ಹಿಡಿದದ್ದು ತಿಳಿಯುವುದಿಲ್ಲ. ನೋವಾಗುವುದಿಲ್ಲವೆಂದು ಅವರ ಪ್ರಕಟಣೆಯಲ್ಲಿದೆ. ಅದು ನಿಜವೇ, ಇನ್ನೆಂದಿಗೂ ಆಗುವುದಿಲ್ಲ.

ವಿಚಾರಣೆಗೆ ಮುಂಚೆ ಇನಾಮದಾರರು ನಮ್ಮ ಮನೆಗೆ ಬಂದರು. ಚಹಾ ಕುಡಿದು, ಬಸಿಯನ್ನು ಕೆಳಗಿಟ್ಟು, “ಮಾಸ್ತರ್ರ, ಒಂದ ಪುಟ ಬರದ ಕೊಡ್ರಿ,” ಎಂದರು. “ನಿಯಾಮಕಾನೇ ರೋಗಿ ಸ್ಥಿತಿ ಅರಿತು ಬಲ ಕೊಟ್ಟಿತು, ತಾಯಿ ಮಗು ಉಳದ್ವು ಅಂತ. ಮಗಳು ಸಹಿ ಮಾಡ್ಲಿ. ಮುಚ್ಚಳದ ಮಾತ ನಾವು ಎತ್ತಂಗಿಲ್ಲ. ಆಕಿ ಕೈ ಉಳೀತಾವ.”

“ಆ ಪುಟ ತಗೊಂಡ ನೀವ ಎಲ್ಲೆಲ್ಲಿ ಹೋಗ್ತೀರಿ?” ಎಂದು ಒಳಗಿನಿಂದ ಬಂದ ನೀಲಾಂಬಿಕೆ ಕೇಳಿದಳು.

“ಎಲ್ಲಾ ಕಡೆ. ಹಿಡಿಕಿ ಇರೋ ರೋಗಿವಿಮಾನ ಜಗತ್ತಿನಾಗ ಇನ್ನೂ ಭಾಳ ಅದಾವ. ಅವರಿಗೊಂದ ಭರವಸೆ ಬೇಕಾಗೇದ.” ಬಸಿಯನ್ನು ಬದಿಗೆ ಸರಿಸಿ ಮತ್ತೆ ಹೇಳಿದರು: “ಇದರಾಗ ನನಗ ಬಡ್ತಿ ಅದ, ಮುಚ್ಚಿಡಂಗಿಲ್ಲ. ಆದ್ರ ತಂಗಿ, ನಿನ್ನ ಕೈ ಹೋಗಬಾರ್ದು ಅಂತನೂ ಬಂದೀನಿ. ಅದೂ ಖರೇನ.”

ನಾನು ಕಾಗದ ತೆಗೆದೆ. ತಂದೆಯಾದವನು ಬೇರೇನು ಮಾಡಿಯಾನು? ಒಂದು ಸುಳ್ಳಿನಿಂದ ಮಗಳ ಕೈ ಉಳಿಯುವುದಾದರೆ ಅದನ್ನು ಅಂದವಾಗಿಯೇ ಬರೆಯೋಣವೆಂದುಕೊಂಡೆ. ನೀಲಾಂಬಿಕೆ ಕಾಗದದ ಮೇಲೆ ಅಂಗೈ ಇಟ್ಟಳು.

“ಅಪ್ಪಾ, ಬ್ಯಾಡ. ನಾ ಎಳದೀನಿ, ಎಳದೀನಿ ಅಂತನ ಬರಿ.”

“ಕೈ ಹೋಗ್ತಾವ ನೀಲಾ.”

“ನನ್ನವು ಎರಡ ಹೋಗ್ತಾವ. ಡಬ್ಬಿ ತಾನ ಉಳಿಸ್ತು ಅಂತ ನೀ ಬರದ್ರ ಎಲ್ಲಾ ಊರಾಗೂ ಹಿಡಿಕಿ ಕೊಯ್ತಾರ. ಅಲ್ಲೆ ಶಾರವ್ವನಂಥಾಕಿ ಸುತ್ತಕೋತ ಕುಂತಿರ್ತಾಳ. ಆಕಿ ಬಾಜೂಕ ಬಾಳವ್ವನ ಕತ್ರಿ ಇರಂಗಿಲ್ಲ.” ಆಮೇಲೆ ನನ್ನ ಮುಖ ನೋಡಿ ನಗಲು ಯತ್ನಿಸಿದಳು. “ಜಲ್ಮದಾಗ ಒಮ್ಮೆನೂ ತಪ್ಪ ಬರದಾಂವಲ್ಲ ನೀ. ಈಗ್ಯಾಕ ಸುರು ಮಾಡ್ತಿ?”

ಅವಳು ಹೇಳಿದಂತೆಯೇ ಬರೆದೆ.

ವಿಚಾರಣೆಯಲ್ಲಿ ಬಾಳವ್ವನನ್ನು ಕತ್ತರಿಯನ್ನು ಏಕೆ ಕೊಟ್ಟೆಯೆಂದು ಕೇಳಿದರು. “ಕೇಳಿದ್ಲು, ಕೊಟ್ಟೆ. ನಿಮ್ಮ ಡಬ್ಬಿಗಿ ಕೇಳಿದ್ವಿ, ಅದು ಕೊಟ್ಟಿತೇನ್ರಿ?” ಎಂದಳು. ಅಡಿವೆಪ್ಪ ಕೂಸನ್ನು ಎತ್ತಿಕೊಂಡು ಬಂದು ಸಾಕ್ಷಿ ನುಡಿದನು. ಕಾರ್ಖಾನೆಯವರೆಲ್ಲ ಕೆಲಸ ಬಿಟ್ಟು ಹೊರಗೆ ನಿಂತಿದ್ದರು. ಇಷ್ಟೆಲ್ಲ ಆದ ಮೇಲೆ ಮಂಡಳಿಗೆ ರೋಗಿವಿಮಾನಗಳ ಹಿಡಿಕೆಯನ್ನು ಮುಟ್ಟಲು ಮನಸ್ಸು ಬಾರದೆಂದು ನಾವು ನಂಬಿದ್ದೆವು. ಕಣ್ಣೆದುರಿಗಿದ್ದ ಸತ್ಯವನ್ನು ಓದಬಲ್ಲವರು ಅವರಲ್ಲಿ ಒಬ್ಬರಾದರೂ ಇರಬಹುದೆಂದು ನಾನಂತೂ ನಂಬಿದ್ದೆ.

ಅವರು ಓದಿದರು. ಪೂರ್ಣವಾಗಿಯೇ ಓದಿದರು. ಮುಚ್ಚಳದ ಕೆಳಗೆ ತಂತಿಯು ಕೈಗೆ ಎಟುಕುವಂತಿದ್ದುದೇ ಈ ಪ್ರಸಂಗಕ್ಕೆ ಕಾರಣವೆಂದು ತೀರ್ಪು ಬಂತು. ಹಿಡಿಕೆ ಇರುವಲ್ಲಿ ಕೈ ಆಸೆಗೆ ಬೀಳುತ್ತದೆ. ಆದ್ದರಿಂದ ಜಗತ್ತಿನ ರೋಗಿವಿಮಾನಗಳ ವಿನಾಯಿತಿ ರದ್ದು. ತಂತಿ ಇರುವಲ್ಲಿ ಕೈ ಅದನ್ನು ಹುಡುಕುತ್ತದೆ. ಆದ್ದರಿಂದ ಈಗಾಗಲೇ ನಿಯಾಮಕವಿರುವ ವಿಮಾನಗಳಿಗೂ ತಂತಿಯನ್ನು ಮುಚ್ಚುವ ಉಕ್ಕಿನ ಕವಚ ಕಡ್ಡಾಯ. ಆ ಕವಚಗಳು ಹೊಸಗಿರಣಿಯಲ್ಲಿಯೇ ತಯಾರಾಗುತ್ತಿವೆ. ಕಾರ್ಖಾನೆಯಲ್ಲಿ ಪಾಳಿಗಳನ್ನು ಹೆಚ್ಚಿಸಿದ್ದಾರೆ. ಅಡಿವೆಪ್ಪನ ಲೇತಿಗೆ ಬಿಡುವಿಲ್ಲ. ನಾವು ಸುಳ್ಳು ಬರೆದಿದ್ದರೆ ಸುಳ್ಳಿನಿಂದ ಮಾರುಕಟ್ಟೆ ಬೆಳೆಯುತ್ತಿತ್ತು. ಸತ್ಯ ಬರೆದೆವು, ಸತ್ಯದಿಂದಲೂ ಬೆಳೆಯಿತು. ತಮ್ಮ ರೇಖೆಯು ಎಲ್ಲಿಯೂ ಬಾಗಿಲ್ಲ. ಇನಾಮದಾರರು ಬಡ್ತಿ ಪಡೆದು ಹೋಗುವಾಗ ನಮ್ಮ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ಕೈಮುಗಿದು ಹೋದರು.

ಕಳೆದ ವಾರ ನೀಲಾಂಬಿಕೆಯ ಶಿಕ್ಷೆ ನೆರವೇರಿತು. ನಡೆದೇ ಮನೆಗೆ ಬಂದಳು. ಹೊಸ್ತಿಲ ಹತ್ತಿರ ಗೋಡೆ ಹಿಡಿದು ನಿಂತವಳು, ಗೋಡೆ ಹಿಡಿದಿರುವೆನೋ ಇಲ್ಲವೋ ಎಂದು ತಿರುಗಿ ಕಣ್ಣಿನಿಂದ ನೋಡಿಕೊಂಡಳು. ಶಾರವ್ವ ಕೂಸನ್ನು ತಂದಾಗ ಅಂಗೈಗಳಿಂದ ತೆಗೆದುಕೊಳ್ಳಲಿಲ್ಲ. ಮೊಳಕೈಗಳನ್ನು ಮಡಚಿ ಅದರ ಸಂದಿನಲ್ಲಿ ಮಲಗಿಸಿಕೊಂಡಳು. “ಬಿಗಿ ಹಿಡದೀನೋ ಸಡ್ಲ ಹಿಡದೀನೋ ತಿಳ್ಯಂಗಿಲ್ಲ ಶಾರವ್ವಾ, ನೀ ಹತ್ರನ ಇರು,” ಎಂದಳು. ನಿನ್ನೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ್ದಳು. ಚರ್ಮ ಸುಟ್ಟ ವಾಸನೆ ನನಗೆ ಬಂದ ಮೇಲೆಯೇ ಅವಳಿಗೂ ತಿಳಿದದ್ದು.

ಮಹನೀಯರೇ, ತಾವು ದುಷ್ಟರೆಂದು ನಾನು ಭಾವಿಸಿಲ್ಲ. ತಾವು ಯಾವುದೋ ಕಚೇರಿಯಲ್ಲಿ ಕುಳಿತು, ಯಾರೋ ಕೇಳಿದ್ದಕ್ಕೆ, ಬೇರೆಯವರ ಅಂಕಿಗಳನ್ನು ಆಧರಿಸಿ ಬರೆಯುತ್ತಿದ್ದೀರಿ. ಆ ವಾಕ್ಯವನ್ನು ಬರೆಯುವಾಗ ತಮ್ಮ ಕಣ್ಣೆದುರಿಗೆ ಯಾವ ಕೈಯೂ ಇರಲಿಲ್ಲವೆಂದು ನನ್ನ ಊಹೆ. ಯಂತ್ರಗಳು ನೆರವಿಗೆ ಬರಲಿ, ಮಾರಾಟವಾಗಲಿ, ಬೆಳೆಯುವಷ್ಟು ಬೆಳೆಯಲಿ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕೈಯನ್ನು ಅಡ್ಡಿಯೆಂದು ಕರೆಯಬೇಡಿ. ತಾವು ಒಮ್ಮೆ ಹಾಗೆ ಕರೆದರೆ, ತಮ್ಮ ನಂತರದವರು ಅದನ್ನು ತೆಗೆದುಹಾಕುವ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ಆ ಒಂದು ವಾಕ್ಯವನ್ನು ಹೊಡೆದುಹಾಕಿ. ವರದಿಯ ಉಳಿದ ಭಾಗ ಹಾಗೆಯೇ ಇರಲಿ.

ನೀಲಾಂಬಿಕೆಗೆ ನಾನು ಬರೆಯುತ್ತಿರುವುದು ಗೊತ್ತಿದೆ. “ನನ್ನ ಸಲುವಾಗಿ ಏನೂ ಕೇಳಬ್ಯಾಡ ಅಪ್ಪಾ. ರೋಗಿವಿಮಾನಕ್ಕ ಹಿಡಿಕಿ ಇರ್ಲಿ ಅಂತ ಇಷ್ಟ ಬರಿ,” ಎಂದಿದ್ದಾಳೆ. ಅವಳ ಮಾತನ್ನು ಇಲ್ಲಿ ಬರೆದಿದ್ದೇನೆ. ಅವಳ ಸಲುವಾಗಿ ಕೇಳುತ್ತಿರುವವನು ನಾನು.

ತಮ್ಮ ಕಾಲದ ಆಕಾಶ ತಮಗೆ ತಿಳಿಯಾಗಿರಲಿ. ನಾನು ಇನ್ನು ನಿಲ್ಲಿಸಬೇಕು. ಅವಳ ಸ್ನಾನಕ್ಕೆ ನೀರು ಕಾದಿದೆ. ನಾನು ಕೈಯಿಟ್ಟು ನೋಡಿ ಹದಮಾಡಿದ ಮೇಲೆಯೇ ಅವಳು ಮೈಮೇಲೆ ಹಾಕಿಕೊಳ್ಳಬೇಕು. ಬಚ್ಚಲಿನಿಂದ ಕರೆಯುತ್ತಿದ್ದಾಳೆ.

ಗುರುಪಾದ ಕಡಬಿ